ಡಬ್ಬಿ ತುಂಬ ಬಿಲ್ಲು, ಕೈಗೆ ಬಂದದ್ದು ಬೇರೆ

ನಮ್ಮ ಅಡುಗೆಮನೆ ಕಪಾಟಿನ ಮೇಲೆ ಒಂದು ಬಿಸ್ಕತ್ ಡಬ್ಬಿ ಇತ್ತು. ಕೆಲಸದ ಖರ್ಚು ತೋರಿಸಿ ಟ್ಯಾಕ್ಸ್ ವಾಪಸ್ ಕೇಳಬಹುದು ಅಂತ ಒಂದೂವರೆ ವರ್ಷ ಅದರೊಳಗೆ ಬಿಲ್ಲು ತುಂಬಿದ್ದೆ. ಪೆಟ್ರೋಲು, ಆಸ್ಪತ್ರೆ ಪಾರ್ಕಿಂಗು, ನೈಟ್ ಡ್ಯೂಟಿಯಲ್ಲಿ ತಿಂದ ಸ್ಯಾಂಡ್‌ವಿಚ್ಚು. 2025ರ ಫೆಬ್ರವರಿಯಲ್ಲಿ ಟೇಬಲ್ ಮೇಲೆ ಸುರಿದರೆ ಅರ್ಧಕ್ಕರ್ಧ ಬರೀ ಬಿಳಿ ಚೀಟಿ. ಅಕ್ಷರವೇ ಅಳಿಸಿ ಹೋಗಿತ್ತು. ಅಳಿಸದೇ ಇದ್ದಿದ್ದರೂ ಏನೂ ಉಪಯೋಗ ಇರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು.

ನಾನು ಹಾಸನದ ಕಡೆಯವಳು, ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನರ್ಸ್. ಐದು ವರ್ಷ ಎನ್‌ಎಚ್‌ಎಸ್‌ನಲ್ಲಿ (ಸರ್ಕಾರಿ ಆರೋಗ್ಯ ಸೇವೆ) ಕಾಯಂ ಕೆಲಸ ಮಾಡಿ, ಇಲ್ಲೇ ನೆಲೆಸಲು ಅನುಮತಿ ಸಿಕ್ಕ ಮೇಲೆ 2023ರಲ್ಲಿ ಆಸ್ಪತ್ರೆಗಳಿಗೆ ತಾತ್ಕಾಲಿಕ ನರ್ಸ್‌ಗಳನ್ನು ಕಳಿಸುವ ಏಜೆನ್ಸಿಗೆ ಬಂದೆ. ಸಂಬಳ ಮಾತ್ರ ಅಂಬ್ರೆಲಾ ಕಂಪನಿಯ ಮೂಲಕ, ಅಂದರೆ ಕಾಗದದ ಮೇಲೆ ನನ್ನ ಮಾಲೀಕರು ಅವರೇ. ಏಜೆನ್ಸಿ ಕೊಡುವ ದುಡ್ಡು ಮೊದಲು ಅವರಿಗೆ ಹೋಗುತ್ತದೆ. ಅದರಲ್ಲಿ ಅವರ ವಾರದ ಶುಲ್ಕ (ಮಾರ್ಜಿನ್), ಮಾಲೀಕರು ಕಟ್ಟಬೇಕಾದ ನ್ಯಾಷನಲ್ ಇನ್ಶೂರೆನ್ಸ್, ಲೆವಿ ಎಲ್ಲ ಮುರಿದು ಉಳಿದದ್ದು ನನ್ನ ಸಂಬಳ. ಅದಕ್ಕೆ ಮತ್ತೆ ನನ್ನ ಟ್ಯಾಕ್ಸ್. ಮೊದಲ ಪೇಸ್ಲಿಪ್ ನೋಡಿ ಸುಮ್ನೆ ಕೂತುಬಿಟ್ಟಿದ್ದೆ.

ಸೇರುವಾಗ ಫೋನಿನಲ್ಲಿ ಮಾತಾಡಿದವನು, ‘ಓಡಾಟದ್ದು, ಊಟದ್ದು ಎಲ್ಲ ಬಿಲ್ ಇಟ್ಕೊಳ್ಳಿ, ಕ್ಲೇಮ್ ಮಾಡಬಹುದು’ ಅಂದಿದ್ದ. ಡಬ್ಬಿ ಶುರುವಾದದ್ದು ಹಾಗೆ.

ಆದರೆ ಅದು ಹಳೆಯ ಕಾಲದ ಮಾತು. 2016ರ ಏಪ್ರಿಲ್ 6ರಿಂದ ಕಾನೂನು ಬದಲಾಗಿದೆ. ನಿಮ್ಮ ಕೆಲಸ ಹೇಗೆ ಮಾಡಬೇಕೆಂದು ಹೇಳುವ, ಉಸ್ತುವಾರಿ ನೋಡುವ ಹಕ್ಕು ಇನ್ನೊಬ್ಬರಿಗಿದ್ದರೆ, ಒಂದೊಂದು ಅಸೈನ್‌ಮೆಂಟೂ ಬೇರೆ ನೌಕರಿ ಎಂದೇ ಲೆಕ್ಕ. ಅಂದರೆ ಮನೆಯಿಂದ ಅಲ್ಲಿಗೆ ಹೋಗುವುದು ದಿನನಿತ್ಯದ ಓಡಾಟ ಅಷ್ಟೇ, ಟ್ಯಾಕ್ಸ್ ವಿನಾಯಿತಿ ಇಲ್ಲ. ನಾನು ವಾರ್ಡಿಗೆ ಕಾಲಿಟ್ಟ ಕೂಡಲೇ ಇನ್‌ಚಾರ್ಜ್ ಸಿಸ್ಟರ್, ‘ನೀನು ಮೂರನೇ ಬೇ ತಗೋ, ಎರಡು ಗಂಟೆಗೆ ಬ್ರೇಕ್’ ಅನ್ನುತ್ತಾರೆ. ಇದಕ್ಕಿಂತ ಉಸ್ತುವಾರಿ ಇನ್ನೇನು ಬೇಕು? ಒಂದು ಕಡೆಗೆ 27 ಮೈಲಿ ಗಾಡಿ ಓಡಿಸಿದ್ದು, ಪಾರ್ಕಿಂಗು, ಸ್ಯಾಂಡ್‌ವಿಚ್ಚು ಎಲ್ಲ ನನ್ನ ಜೇಬಿಂದಲೇ ಹೋಯಿತು. ಡಬ್ಬಿ ಖಾಲಿ ಮಾಡಿದೆ.

ಹಾಗಾದರೆ ಸಿಗುವುದು ಏನು? ನಾನು ತಲೆಯೇ ಹಾಕದಿದ್ದ ಸಣ್ಣ ಬಾಬತ್ತುಗಳು. ಎನ್‌ಎಂಸಿ (ನರ್ಸ್‌ಗಳ ನೋಂದಣಿ ಮಂಡಳಿ) ನೋಂದಣಿಗೆ ವರ್ಷಕ್ಕೆ 120 ಪೌಂಡ್ ಕಟ್ಟುತ್ತಿದ್ದೆ, ಅದು ಕ್ಲೇಮ್ ಮಾಡಬಹುದು. ಯೂನಿಫಾರ್ಮ್ ಮನೆಯಲ್ಲೇ ಒಗೆಯುವ ನರ್ಸ್‌ಗಳಿಗೆ 125 ಪೌಂಡಿನ ನಿಗದಿತ ಮೊತ್ತ ಇದೆ, ಸೋಪಿನ ಪುಡಿ ಬಿಲ್ಲು ಕೇಳುವುದಿಲ್ಲ. ಒಟ್ಟು 245. ಇಲ್ಲಿ ಎಲ್ಲರೂ ಎಡವುತ್ತಾರೆ: 245 ಪೌಂಡ್ ಕೈಗೆ ಬರುವುದಿಲ್ಲ, ಅದರ ಮೇಲೆ ಕಟ್ಟಿದ ಟ್ಯಾಕ್ಸ್ ಮಾತ್ರ ವಾಪಸ್. ನನ್ನದು 20 ಪರ್ಸೆಂಟ್ ಆದ್ದರಿಂದ ವರ್ಷಕ್ಕೆ 49. ಹಿಂದಿನ ನಾಲ್ಕು ವರ್ಷದ್ದೂ ಕೇಳಬಹುದು, ಎನ್‌ಎಚ್‌ಎಸ್‌ನಲ್ಲಿದ್ದ ವರ್ಷಗಳೂ ಸೇರಿ. 2020-21ರ ಗಡುವು 2025ರ ಏಪ್ರಿಲ್ 5ಕ್ಕೆ ಮುಗಿಯುತ್ತಿತ್ತು, ಅದಕ್ಕೇ ಫೆಬ್ರವರಿಯಲ್ಲಿ ಅಷ್ಟು ಗಡಿಬಿಡಿ.

ನಾಲ್ಕು ವರ್ಷಕ್ಕೆ 196 ಆಯಿತು. ಜೊತೆಗೆ ಇನ್ನೊಂದು. 2023ರ ಚಳಿಗಾಲದಲ್ಲಿ ಎರಡು ತಿಂಗಳು ಮನೆಮನೆಗೆ ಹೋಗಿ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವ ಕೆಲಸ ಮಾಡಿದ್ದೆ, ನನ್ನ ಕಾರಿನಲ್ಲೇ. ಒಬ್ಬ ರೋಗಿಯ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುವ ಓಡಾಟ ಕೆಲಸದ ಭಾಗವೇ. ಇದಕ್ಕೆ ಮೈಲಿಗೆ 45 ಪೆನ್ಸ್ ಲೆಕ್ಕ, ಪೆಟ್ರೋಲ್ ಅದರೊಳಗೇ ಬಂತು. ಬೆಳಿಗ್ಗೆ ಮನೆಯಿಂದ ಹೊರಟದ್ದು, ಸಂಜೆ ವಾಪಸ್ ಬಂದದ್ದು ಬಿಟ್ಟು 640 ಮೈಲಿ. ಅಂದರೆ 288 ಪೌಂಡ್, ಟ್ಯಾಕ್ಸ್ ಲೆಕ್ಕದಲ್ಲಿ 57.60. ಅಂಬ್ರೆಲಾದವರು ಮೈಲಿಗೆ 25 ಪೆನ್ಸ್ ಕೊಟ್ಟಿದ್ದರೆ ಉಳಿದ 20ಕ್ಕೆ ಮಾತ್ರ ಕೇಳಬಹುದಿತ್ತು. ನನಗೆ ಏನೂ ಕೊಟ್ಟಿರಲಿಲ್ಲ.

ಪುಣ್ಯಕ್ಕೆ ಡೈರಿ ಇತ್ತು. ತಾರೀಖು, ಎಲ್ಲಿಂದ ಎಲ್ಲಿಗೆ ಅಂತ ಪೋಸ್ಟ್‌ಕೋಡ್, ಎಷ್ಟು ಮೈಲಿ. ದಾರಿ ಮರೆಯಬಾರದು ಅಂತ ಬರೆದುಕೊಂಡದ್ದು, ಟ್ಯಾಕ್ಸಿಗಲ್ಲ. 2024ರ ಅಕ್ಟೋಬರ್‌ನಿಂದ ಮೈಲಿ ಲೆಕ್ಕಕ್ಕೆ, ಫೀಸಿಗೆ ಪುರಾವೆ ಕೇಳುತ್ತಾರೆ. ಡೈರಿಯ ಪುಟಗಳನ್ನು ಟೈಪ್ ಮಾಡಿ, ಎನ್‌ಎಂಸಿ ರಸೀದಿಗಳ ಜೊತೆ ನೌಕರರು ಖರ್ಚಿನ ಟ್ಯಾಕ್ಸ್ ವಾಪಸ್ ಕೇಳುವ ಪಿ87 ಫಾರಂಗೆ ಸೇರಿಸಿ ಪೋಸ್ಟ್ ಮಾಡಿದೆ. ಗೆಳತಿಯೊಬ್ಬಳು ರೀಫಂಡ್ ಮಾಡಿಸಿಕೊಡುವವರ ಹತ್ತಿರ ಹೋಗಿ ಮೂರನೇ ಒಂದು ಪಾಲು ಅವರಿಗೇ ಕೊಟ್ಟಳು. ಫಾರಂ ತುಂಬಲು ನನಗೆ ಹಿಡಿದದ್ದು ಒಂದು ಭಾನುವಾರ ಮಧ್ಯಾಹ್ನ. ಖರ್ಚು ವರ್ಷಕ್ಕೆ 2,500 ಪೌಂಡ್ ದಾಟಿದರೆ ಮಾತ್ರ ಈ ಫಾರಂ ಆಗುವುದಿಲ್ಲ, ವರ್ಷದ ಲೆಕ್ಕವನ್ನು ನಾವೇ ಸಲ್ಲಿಸುವ ಸೆಲ್ಫ್ ಅಸೆಸ್‌ಮೆಂಟ್ ಮಾಡಬೇಕು.

ಮೇ ತಿಂಗಳಲ್ಲಿ 253.60 ಪೌಂಡಿನ ಚೆಕ್ ಬಂತು. ಪೇಸ್ಲಿಪ್ಪಿನಲ್ಲಿ 1257ಎಲ್ ಅಂತ ಇದ್ದ ಟ್ಯಾಕ್ಸ್ ಕೋಡ್ 1281ಎಲ್ ಆಯಿತು. ಟ್ಯಾಕ್ಸ್ ಇಲ್ಲದ ಆದಾಯದ ಮಿತಿ 12,570ಕ್ಕೆ ಆ 245 ಸೇರಿ 12,815, ಕೊನೆಯ ಅಂಕಿ ಬಿಟ್ಟರೆ ಅದೇ. ಇನ್ನು ವರ್ಷ ವರ್ಷ ಕೇಳಬೇಕಿಲ್ಲ, ಅದೇ ಮುಂದುವರಿಯುತ್ತದೆ. ಆದರೆ ಯೂನಿಫಾರ್ಮ್ ಇಲ್ಲದ ಕೆಲಸಕ್ಕೆ ಹೋದರೆ ಟ್ಯಾಕ್ಸ್ ಇಲಾಖೆಯಾದ ಎಚ್‌ಎಂಆರ್‌ಸಿಗೆ ನಾನೇ ಹೇಳಬೇಕು. ಇಲ್ಲದಿದ್ದರೆ ಕಮ್ಮಿ ಕಟ್ಟಿದ ಟ್ಯಾಕ್ಸನ್ನು ಅವರು ಆಮೇಲೆ ಕೇಳಿಯೇ ಕೇಳುತ್ತಾರೆ.