ಎರಡು ಔಷಧ, ಒಂದು ಮೈ: ಕಿಡ್ನಿ ಕ್ಯಾನ್ಸರ್‌ಗೆ ಜೋಡಿ ಚಿಕಿತ್ಸೆ ಪರೀಕ್ಷಿಸುವುದು ಹೇಗೆ?

ಕಿಡ್ನಿಯ ಕ್ಯಾನ್ಸರ್ ಶ್ವಾಸಕೋಶಕ್ಕೋ ಮೂಳೆಗೋ ಹರಡಿದರೆ ಆಪರೇಷನ್ ಒಂದೇ ಸಾಲದು. ಈಗ ಹೆಚ್ಚಿನವರಿಗೆ ಎರಡು ಔಷಧ ಒಟ್ಟಿಗೆ ಕೊಡುತ್ತಾರೆ. ಯಾವ ಜೋಡಿ ಕೊಡಬಹುದು ಎಂದು ತಿಳಿಯಲು ವರ್ಷಗಟ್ಟಲೆ ಪರೀಕ್ಷೆ ನಡೆಯುತ್ತದೆ.

ಮೊದಲು, ಜೋಡಿಸಲು ಕಾರಣ ಬೇಕು. ಈ ಗಡ್ಡೆ ಹೊಸ ರಕ್ತನಾಳ ಬೆಳೆಸಿಕೊಂಡು ಬದುಕುತ್ತದೆ. ಆಕ್ಸಿಟಿನಿಬ್ ಮಾತ್ರೆ ಅದನ್ನು ತಡೆಯುತ್ತದೆ. ರಕ್ತನಾಳಕ್ಕೆ ಹನಿಹನಿಯಾಗಿ ಕೊಡುವ ಪೆಂಬ್ರೊಲಿಜುಮ್ಯಾಬ್, ಕ್ಯಾನ್ಸರ್ ಎದುರು ಸುಮ್ಮನಾಗಿದ್ದ ರೋಗನಿರೋಧಕ ಕಣಗಳನ್ನು ಮತ್ತೆ ಕೆಲಸಕ್ಕೆ ಹಚ್ಚುತ್ತದೆ.

ನಂತರ, ಮೈಗೆ ಒಗ್ಗುತ್ತದೆಯೇ ನೋಡಬೇಕು. ನನ್ನ ಪ್ರಕಾರ ಇದೇ ಮುಖ್ಯ ಹಂತ. ಒಂದೊಂದಾಗಿ ಒಳ್ಳೆಯವು ಜೊತೆಯಾದಾಗಲೂ ಒಳ್ಳೆಯವೇ ಆಗಿರಬೇಕೆಂದಿಲ್ಲ ಅಲ್ವಾ? ಸುನಿಟಿನಿಬ್, ನಿವೊಲುಮ್ಯಾಬ್ ಎರಡೂ ಈ ಕಾಯಿಲೆಗೆ ಕೆಲಸಕ್ಕೆ ಬರುವ ಔಷಧಗಳೇ. ಜೊತೆಯಾಗಿ ಕೊಟ್ಟಾಗ ಅಡ್ಡಪರಿಣಾಮ ವಿಪರೀತವಾಯಿತು, ಲಿವರ್‌ಗೂ ಪೆಟ್ಟು ಬಿತ್ತು. ಆ ಜೋಡಿಯನ್ನು ಮುಂದಕ್ಕೆ ಒಯ್ಯಲಿಲ್ಲ. ಅದಕ್ಕೇ ಮೊದಲು ಕೆಲವೇ ರೋಗಿಗಳಿಗೆ ಕೊಟ್ಟು, ರಕ್ತಪರೀಕ್ಷೆ, ಬಿಪಿ ನೋಡುತ್ತಾ, ಡೋಸ್ ಗೊತ್ತುಮಾಡುತ್ತಾರೆ. ಆಕ್ಸಿಟಿನಿಬ್–ಪೆಂಬ್ರೊಲಿಜುಮ್ಯಾಬ್ ಜೋಡಿಯನ್ನು ಹೀಗೆ ನೋಡಿದ್ದು 52 ಜನರಲ್ಲಿ. ಇವರೆಲ್ಲ ಒಪ್ಪಿ ಬಂದವರು. ಬೇಡವೆನಿಸಿದರೆ ಯಾವಾಗ ಬೇಕಾದರೂ ಹೊರಬರಬಹುದು. ಅವರ ಧೈರ್ಯ ದೊಡ್ಡದು.

ಆಮೇಲೆ ಹೋಲಿಕೆ. ಕೀನೋಟ್-426 ಪರೀಕ್ಷೆಯಲ್ಲಿ 861 ರೋಗಿಗಳಿದ್ದರು. ಕೆಲವರಿಗೆ ಈ ಜೋಡಿ, ಉಳಿದವರಿಗೆ ಆಗ ರೂಢಿಯಲ್ಲಿದ್ದ ಸುನಿಟಿನಿಬ್. ಯಾರಿಗೆ ಯಾವುದು ಎಂಬುದನ್ನು ಡಾಕ್ಟರ್ ಆರಿಸುವಂತಿಲ್ಲ, ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ. ಇಲ್ಲದಿದ್ದರೆ ಗಟ್ಟಿಮುಟ್ಟಾದವರೆಲ್ಲ ಒಂದೇ ಗುಂಪಿಗೆ ಸೇರಿ ಲೆಕ್ಕ ತಪ್ಪುತ್ತದೆ.

ಕೊನೆಗೆ ಅಳತೆ. ಸ್ಕ್ಯಾನ್‌ನಲ್ಲಿ ಆರಿಸಿಕೊಂಡ ಗಡ್ಡೆಗಳ ಅಳತೆ ಕೂಡುತ್ತಾರೆ. ಮೊತ್ತ ಶೇ 30ರಷ್ಟಾದರೂ ಇಳಿದರೆ ಔಷಧ ಹಿಡಿದಿದೆ ಎಂದರ್ಥ. ಆದರೆ ಗಡ್ಡೆ ಕುಗ್ಗಿದರಷ್ಟೇ ಸಾಲದು, ರೋಗಿ ಜಾಸ್ತಿ ದಿನ ಬದುಕಬೇಕು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವರ್ಷ ಕಳೆದಾಗ ಬದುಕಿದ್ದವರು ಜೋಡಿ ಪಡೆದ ಗುಂಪಿನಲ್ಲಿ 100ಕ್ಕೆ ಸುಮಾರು 90, ಸುನಿಟಿನಿಬ್ ಗುಂಪಿನಲ್ಲಿ 78.

ಹಾಗಾದರೆ ಮೂರು ಔಷಧ ಸೇರಿಸಿದರೆ? ಅದನ್ನೂ ನೋಡಿದ್ದಾರೆ. ಕಾಸ್ಮಿಕ್-313 ಪರೀಕ್ಷೆಯಲ್ಲಿ ನಿವೊಲುಮ್ಯಾಬ್, ಇಪಿಲಿಮುಮ್ಯಾಬ್ ಜೊತೆಗೆ ಕ್ಯಾಬೊಜಾಂಟಿನಿಬ್ ಕೊಟ್ಟರು. ಕಾಯಿಲೆ ಮತ್ತೆ ಬೆಳೆಯುವುದು ತಡವಾಯಿತು. ಅಡ್ಡಪರಿಣಾಮ ಹೆಚ್ಚಾಯಿತು. ಆಯುಸ್ಸು ಮಾತ್ರ ಹೆಚ್ಚಲಿಲ್ಲ.