ಮೆಟಲ್ ಸ್ಲಗ್: ಒಂದೇ ಕಾಯಿನ್‌ನಲ್ಲಿ ಆಡಿ ನೋಡಿದಾಗ

ಓಡುತ್ತಾ ಗುಂಡು ಹೊಡೆಯುತ್ತಾ ಹೋಗುವ ಮೆಟಲ್ ಸ್ಲಗ್ ವಿಡಿಯೋ ಗೇಮ್‌ಗಳಲ್ಲಿ ಯಾವುದು ಚೆಂದ ಅಂತ ಕೇಳಿದರೆ ಹೆಚ್ಚಿನವರು ಮೂರನೆಯದು ಎನ್ನುತ್ತಾರೆ. ಕುಂಬಳೆಯ ನನ್ನ ಗೆಳೆಯರೂ ಅದನ್ನೇ ಹೇಳುವುದು. ನನ್ನ ಓಟು ಮಾತ್ರ ಮೆಟಲ್ ಸ್ಲಗ್ ಎಕ್ಸ್‌ಗೆ.

ಆಟಿ ತಿಂಗಳ ಮಳೆಗೆ ತೋಟದ ಕೆಲಸ ನಿಂತಿತ್ತು. ನಾನೂ ಭಾವನೂ ಎಲ್ಲವನ್ನೂ ಕಂಪ್ಯೂಟರ್‌ನಲ್ಲಿ ಸಾಲಾಗಿ ಆಡಿದೆವು. ನಿಯಮ ಒಂದೇ: ಒಂದು ಕಾಯಿನ್, ಅಂದರೆ ಗೇಮ್ ಪಾರ್ಲರ್‌ನಲ್ಲಿ ಒಂದು ನಾಣ್ಯ ಹಾಕಿದರೆ ಸಿಗುವಷ್ಟೇ ಆಟ; ಲೈಫ್ ಮುಗಿದರೆ ಮತ್ತೆ ಮೊದಲಿಂದ. ಕಂಟಿನ್ಯೂ ಒತ್ತುತ್ತಾ ಹೋದರೆ ಯಾವ ಆಟದ ಗುಣವೂ ಗೊತ್ತಾಗುವುದಿಲ್ಲ, ಅಲ್ವಾ?

1996ರ ಮೊದಲನೆಯದರಲ್ಲಿ ಆಯುಧ ಕಡಿಮೆ, ಹತ್ತಲಿಕ್ಕೆ ಟ್ಯಾಂಕ್ ಒಂದೇ. ಆದರೆ ಯಾಕೆ ಸತ್ತೆ ಅಂತ ಪ್ರತಿ ಸಲ ತಿಳಿಯುತ್ತದೆ. ಕಲಿಯಲಿಕ್ಕೆ ಇದೇ ಸರಿ.

1998ರ ಎರಡನೆಯದಕ್ಕೆ ಎರಿ ಮತ್ತು ಫಿಯೋ ಎಂಬ ಇಬ್ಬರು ಹೊಸ ಯೋಧೆಯರು ಬಂದರು, ಒಂಟೆ ಸವಾರಿ ಬಂತು, ಉಸಿರು ತಾಗಿದರೆ ನಮ್ಮನ್ನೂ ಮಮ್ಮಿ ಮಾಡುವ ಮಮ್ಮಿಗಳು ಬಂದವು. ಕಷ್ಟ ಇರುವುದು ವೇಗದಲ್ಲಿ. ಸೈನಿಕರು ಗುಂಪಾಗಿ ಬಂದು ನಾಲ್ಕು ಬಾಂಬ್ ಸಿಡಿದರೆ ಇಡೀ ಆಟ ನಿಧಾನವಾಗಿ ಎಳೆಯುತ್ತದೆ. "ಕಂಪ್ಯೂಟರ್ ಕೆಟ್ಟಿತಾ ಎಂತ?" ಅಂತ ಭಾವ ಕೇಳಿದ. ಕಂಪ್ಯೂಟರ್‌ಗೆ ಏನೂ ಆಗಿರಲಿಲ್ಲ. ಈ ಆಟ ಮೊದಲು ಬಂದ ನಿಯೋ ಜಿಯೋ ಎಂಬ ಗೇಮ್ ಮೆಷಿನ್‌ನಲ್ಲೇ ಅದು ಹಾಗೆ ಓಡುತ್ತಿತ್ತು.

1999ರ ಎಕ್ಸ್ ಅಂದರೆ ಎರಡನೆಯದನ್ನೇ ತಿದ್ದಿ ತಂದದ್ದು. ಜಾಗಗಳು ಅವೇ. ಎಳೆಯುವುದು ಬಹುಮಟ್ಟಿಗೆ ಹೋಗಿದೆ, ಶತ್ರುಗಳು ಬೇರೆ ಕಡೆಯಿಂದ ಬರುತ್ತಾರೆ, ಹೊಸ ಆಯುಧಗಳಿವೆ. ಐರನ್ ಲಿಜರ್ಡ್ ನೋಡಿ: ಹೊಡೆದದ್ದು ನೆಲಕ್ಕೆ ಬಿದ್ದು ನೆಲದ ಮೇಲೆಯೇ ಓಡುತ್ತದೆ. ಮೇಲಿನ ಹೆಲಿಕಾಪ್ಟರ್‌ಗೆ ಅದು ದಂಡ. ಹಾಗಾಗಿ ಕೈಯಲ್ಲಿರುವ ಮೆಷಿನ್ ಗನ್ ಬಿಟ್ಟು ಅದನ್ನು ಎತ್ತಬೇಕಾ ಅಂತ ಪ್ರತಿ ಸಲ ಯೋಚಿಸಬೇಕು. ದಾರಿಯಲ್ಲಿ ಶತ್ರುಗಳು ಕಟ್ಟಿಹಾಕಿದ ಗಡ್ಡದ ಕೈದಿಗಳ ವಿಷಯವೂ ಹಾಗೆಯೇ. ಬಿಡಿಸಿದವರ ಲೆಕ್ಕ ಮಿಷನ್, ಅಂದರೆ ಆಟದ ಒಂದು ಹಂತದ, ಕೊನೆಗೆ ಸಿಗುತ್ತದೆ, ಒಬ್ಬನಿಗೆ 10,000 ಪಾಯಿಂಟ್. ನಡುವೆ ಸತ್ತರೆ ಅದುವರೆಗಿನ ಲೆಕ್ಕ ಪೂರ್ತಿ ಹೋಯಿತು. ಆರು ಜನರನ್ನು ಬಿಡಿಸಿಕೊಂಡು ಬಂದ ಮೇಲೆ ಏಳನೆಯವನು ಗುಂಡುಗಳ ನಡುವೆ ಕಂಡಾಗ ಕೈ ಬೆವರುತ್ತದೆ. ಎಕ್ಸ್‌ನ ವೇಗದಲ್ಲಿ ಆ ಲೆಕ್ಕಾಚಾರಕ್ಕೆ ಅರೆ ಗಳಿಗೆ ಮಾತ್ರ ಸಿಗುವುದು. ನನಗೆ ಅದೇ ಇಷ್ಟ.

2000ದ ಮೂರನೆಯದು ದೊಡ್ಡ ಆಟ, ಒಪ್ಪುತ್ತೇನೆ. ದಾರಿಗಳು ಕವಲೊಡೆಯುತ್ತವೆ. ಮೊದಲ ಮಿಷನ್ ಕೊನೆಗೆ ದೈತ್ಯ ಏಡಿ ಸೇತುವೆ ಮುರಿಯುತ್ತಾ ಬೆನ್ನಟ್ಟುತ್ತದೆ. ಜೋಂಬಿಯಾದರೆ ರಕ್ತ ಕಾರಿ ಪರದೆಯನ್ನೇ ಗುಡಿಸಬಹುದು. ಆದರೆ ಕೊನೆಯ ಮಿಷನ್ ಬಾಹ್ಯಾಕಾಶದವರೆಗೂ ಉದ್ದಕ್ಕೆ ಹೋಗುತ್ತದೆ. ಕಾಯಿನ್ ನುಂಗಲೆಂದೇ ಕಟ್ಟಿದ ಹಾಗಿದೆ. ಒಂದೇ ಕಾಯಿನ್‌ನವರಿಗೆ ಅದು ಅನ್ಯಾಯ.

2002ರ ನಾಲ್ಕನೆಯದರಲ್ಲಿ ಹಳೆಯ ಚಿತ್ರಗಳೇ ಜಾಸ್ತಿ. ಬೇಗ ಬಿಟ್ಟೆವು.

ಭಾವ ಈಗಲೂ ಮೂರರ ಪಕ್ಷ, ಆ ಏಡಿಗೋಸ್ಕರ. ನೀವು ಆಡುವುದಾದರೆ ಎರಡನೆಯದರ ಮೊದಲ ಮಿಷನ್ ಮುಗಿಸಿ, ಕೂಡಲೇ ಎಕ್ಸ್‌ನ ಮೊದಲ ಮಿಷನ್ ಹಾಕಿ. ಅದೇ ಬೀದಿ, ಅದೇ ಒಂಟೆ. ವ್ಯತ್ಯಾಸ ನಿಮ್ಮ ಬೆರಳಿಗೇ ಗೊತ್ತಾಗುತ್ತದೆ.