ಬ್ರೇಕಿನ ಬೋಲ್ಟ್: ಎಲ್ಲಿ ಗ್ರೀಸ್, ಎಲ್ಲಿ ಅಂಟು, ಎಲ್ಲಿ ಏನೂ ಬೇಡ

ಉಪ್ಪಳ, ಕುಂಬಳೆಯಂತಹ ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿಯೂ ಬದಿಯಡ್ಕ, ಮುಳ್ಳೇರಿಯದ ಒಳದಾರಿಗಳಲ್ಲಿ ಮಳೆಗಾಲದ ಕೆಸರುನೀರೂ ವಾಹನದ ಅಡಿಭಾಗವನ್ನು ಬಿಡದೆ ಕಾಡುವುದರಿಂದ, ಇಲ್ಲಿ ಚಕ್ರ ಕಳಚಿ ಬ್ರೇಕ್ ಬಿಚ್ಚುವವರ ಮೊದಲ ಜಗಳ ತುಕ್ಕಿನ ಜೊತೆಗೇ. ಜಾಮ್ ಆದ ಒಂದು ಬೋಲ್ಟಿಗಾಗಿ ಅರ್ಧ ದಿನ ಕಳೆದವರು, ಮರಳಿ ಜೋಡಿಸುವಾಗ ಮುಂದಿನ ಸಲ ಹೀಗಾಗದಿರಲಿ ಎಂದು ಕೈಗೆ ಸಿಕ್ಕ ಗ್ರೀಸನ್ನು ಬೋಲ್ಟಿನ ಸುರುಳಿ ಗೆರೆಗಳಾದ ಎಲ್ಲ ಥ್ರೆಡ್‌ಗಳಿಗೂ ಬಳಿಯುವುದು ಸಹಜ. ಗೇಟಿನ ತಿರುಗಣಿಗೆ ಅದು ನಡೆದೀತು, ಬ್ರೇಕಿಗೆ ನಡೆಯದು. ಬ್ರೇಕಿನಲ್ಲಿ ಪ್ರತಿಯೊಂದು ತುಂಡನ್ನು ಕೈಗೆತ್ತಿಕೊಂಡಾಗಲೂ ಇದು ಬಿಗಿಹಿಡಿಯಬೇಕಾದದ್ದೋ ಜಾರಬೇಕಾದದ್ದೋ ಎಂದು ಮೊದಲು ವಿಚಾರಿಸಬೇಕು.

ಕಾರಣ ಹೀಗಿದೆ. ಬೋಲ್ಟನ್ನು ಬಿಗಿಯಲು ನಾವು ಹಾಕುವ ಶ್ರಮದ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಬೋಲ್ಟಿನ ತಲೆಯಡಿಯ ಮತ್ತು ಥ್ರೆಡ್ಡಿನ ಘರ್ಷಣೆಯಲ್ಲೇ ಕಳೆದುಹೋಗುತ್ತದೆ. ಉಳಿದ ಒಂದು ಪಾಲು ಮಾತ್ರ ಬೋಲ್ಟನ್ನು ತುಸು ಹಿಗ್ಗಿಸಿ ಎರಡು ಭಾಗಗಳನ್ನು ಒತ್ತಿಹಿಡಿಯುತ್ತದೆ. ಎಷ್ಟು ಬಿಗಿಯಬೇಕೆಂದು ತಯಾರಕರ ಕೈಪಿಡಿಯಲ್ಲಿರುವ ನ್ಯೂಟನ್ ಮೀಟರ್ ಅಂಕಿಗಳು, ಬೇರೆ ಸೂಚನೆ ಇಲ್ಲದಿದ್ದರೆ, ಸ್ವಚ್ಛವಾದ ಒಣ ಥ್ರೆಡ್‌ಗೆ ಅನ್ವಯಿಸುವಂಥವು. ಘರ್ಷಣೆಗಾಗಿ ಬಿಗಿತದ ಲೆಕ್ಕಕ್ಕೆ ಹಿಡಿಯುವ ಗುಣಾಂಕ ಒಣ ಉಕ್ಕಿಗೆ ಸುಮಾರು 0.20, ಎಣ್ಣೆ ಸವರಿದ ಉಕ್ಕಿಗೆ ಸುಮಾರು 0.15. ಅಂದರೆ ಬಿಗಿತವನ್ನು ಅಳೆಯುವ ಸ್ಪ್ಯಾನರ್ ಆದ ಟಾರ್ಕ್ ರೆಂಚ್ 100ಕ್ಕೆ ಟಕ್ಕೆಂದರೂ, ಎಣ್ಣೆ ಕುಡಿದ ಬೋಲ್ಟಿನ ಮೇಲೆ ಒಣದನ್ನು 133ಕ್ಕೆ ಬಿಗಿದಷ್ಟು ಎಳೆತ ಬಿದ್ದಿರುತ್ತದೆ. ಚಕ್ರದ ನಟ್‌ಗಳಿಗೆ ಗ್ರೀಸ್ ಬೇಡವೆನ್ನುವುದು ಇದೇ ಕಾರಣಕ್ಕೆ.

ಕೆಲಸಕ್ಕೆ ಇಳಿಯುವ ಮೊದಲು ವಾಹನವನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ನೆಲದ ಮೇಲಿರುವಾಗಲೇ ಚಕ್ರದ ನಟ್‌ಗಳನ್ನು ಸಡಿಲಿಸಿ, ಅನಂತರ ಜಾಕ್ ಏರಿಸಿ ಸ್ಟ್ಯಾಂಡ್ ಕೊಡಬೇಕು. ಜಾಕ್ ಒಂದನ್ನೇ ನಂಬಬಾರದು. ಬ್ರೇಕಿನ ಧೂಳನ್ನು ಬಾಯಿಂದ ಊದದೆ, ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆಮಾಡಿ ಒರೆಸಬೇಕು. ಬೋಲ್ಟ್ ಅಲುಗದಿದ್ದರೆ ಚಕ್ರದೊಂದಿಗೆ ತಿರುಗುವ ಬ್ರೇಕಿನ ತಟ್ಟೆಯಾದ ಡಿಸ್ಕಿಗೆ ಬಟ್ಟೆ ಮುಚ್ಚಿ, ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು, ಸಾಧ್ಯವಾದರೆ ಒಂದು ರಾತ್ರಿ ಹಾಗೇ ಇಡುವುದು ಒಳ್ಳೆಯದು. ನಮ್ಮಲ್ಲಿ ಯಾವ ಕೆಲಸಕ್ಕೂ ತೆಂಗಿನೆಣ್ಣೆಯ ಬಾಟಲಿಯೇ ಮುಂದೆ ಬರುತ್ತದೆ, ಆದರೆ ಧನುರ್ಮಾಸದ ಬೆಳಗ್ಗೆ ಬಾಟಲಿಯೊಳಗೇ ಹೆಪ್ಪುಗಟ್ಟುವ ಎಣ್ಣೆಗೆ ಇಲ್ಲಿ ಕೆಲಸವಿಲ್ಲ.

ಬಿಚ್ಚಿದ ಬೋಲ್ಟನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಕ್ಲೀನರಿನಿಂದ ತೊಳೆದು ಒಣಗಿಸಬೇಕು. ಬೋಲ್ಟ್ ಕೂರುವ ತೂತನ್ನೂ ಹಾಗೆಯೇ ಸ್ವಚ್ಛಗೊಳಿಸಬೇಕು, ಏಕೆಂದರೆ ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತಿದ್ದರೆ ಬೋಲ್ಟಿನ ತಲೆ ಸರಿಯಾಗಿ ಕೂರುವ ಮೊದಲೇ ಬಿಗಿಯಾದಂತೆ ತೋರುತ್ತದೆ.

ಹಳೆಯ ಬೋಲ್ಟಿನ ಥ್ರೆಡ್ಡಿನಲ್ಲಿ ನೀಲಿಯೋ ಕೆಂಪೋ ಬಣ್ಣದ ಒಣ ಪದರ ಕಂಡರೆ, ಅಲ್ಲಿ ಕಾರ್ಖಾನೆಯಲ್ಲೇ ಥ್ರೆಡ್ ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿರುವ ಸಾಧ್ಯತೆ ಹೆಚ್ಚು. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರನ್ನು ಹೊತ್ತಿರುವ ಬ್ರಾಕೆಟ್ಟಿನ ಬೋಲ್ಟುಗಳಲ್ಲಿಯೂ ಬೈಕುಗಳ ಡಿಸ್ಕ್ ಬೋಲ್ಟುಗಳಲ್ಲಿಯೂ ಇದು ಸಾಮಾನ್ಯ. ಹೊಸ ಬೋಲ್ಟನ್ನೇ ಹಾಕಬೇಕೆಂದು ಕೈಪಿಡಿ ಹೇಳಿದ್ದರೆ ಹತ್ತಿಪ್ಪತ್ತು ರೂಪಾಯಿಯ ಉಳಿತಾಯವನ್ನು ಮರೆಯಬೇಕು. ಹಳೆಯದನ್ನೇ ಬಳಸಲು ಅವಕಾಶವಿದ್ದರೆ ಪದರವನ್ನು ಪೂರ್ತಿ ತೆಗೆದು, ಥ್ರೆಡ್ ಕಚ್ಚಿಕೊಳ್ಳುವ ಜಾಗಕ್ಕೆ ಮಧ್ಯಮ ಬಲದ, ಸಾಮಾನ್ಯವಾಗಿ ನೀಲಿ ಬಣ್ಣದ ಲಾಕರಿನ ಒಂದೆರಡು ಹನಿ ಬಿಟ್ಟರೆ ಸಾಕು. ಈ ದ್ರವ ಗಾಳಿಗೆ ಒಣಗುವ ಅಂಟಲ್ಲ. ಗಾಳಿ ಇಲ್ಲದ ಕಡೆ, ಲೋಹದ ಸ್ಪರ್ಶದಲ್ಲಿ ಮಾತ್ರ ಗಟ್ಟಿಯಾಗುತ್ತದೆ. ಬಾಟಲಿಯನ್ನು ಅರ್ಧ ಖಾಲಿಯಾಗಿಯೇ ಮಾರುವುದು ಮೋಸವಲ್ಲ, ಒಳಗಿನ ಗಾಳಿಯೇ ಅದನ್ನು ದ್ರವವಾಗಿ ಉಳಿಸುತ್ತದೆ. ಲಾಕ್‌ಟೈಟ್ 243ರಂತಹದು ಉಕ್ಕಿನಲ್ಲಿ ಸುಮಾರು 10 ನಿಮಿಷಕ್ಕೆ ಹಿಡಿಯತೊಡಗಿ, ಪೂರ್ಣ ಬಲಕ್ಕೆ 24 ಗಂಟೆ ತೆಗೆದುಕೊಳ್ಳುತ್ತದೆ. ಎಣ್ಣೆ ತಾಗಿದ ಥ್ರೆಡ್ಡಿಗೂ ಹಿಡಿಯುವುದೆಂದು ಹೇಳಿಕೊಂಡರೂ ತೊಳೆದ ಥ್ರೆಡ್ಡಿನಲ್ಲೇ ಅದರ ಹಿಡಿತ ಚೆನ್ನ. ಹೆಚ್ಚು ಬಲದ ಕೆಂಪು ಲಾಕರನ್ನು ಬಿಡಿಸಲು ಸುಮಾರು 250 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕಾಗುತ್ತದೆ. ಪಕ್ಕದಲ್ಲೇ ರಬ್ಬರ್ ಸೀಲೂ ಬ್ರೇಕ್ ಆಯಿಲೂ ಇರುವಾಗ ಅಲ್ಲಿಗೆ ಬೆಂಕಿ ಹಿಡಿಯುವ ಗತಿ ಯಾರಿಗೂ ಬರಬಾರದು.

ಈಗ ಜಾರಬೇಕಾದ ಭಾಗ. ಕ್ಯಾಲಿಪರ್ ಅತ್ತಿತ್ತ ಸರಿಯುವುದು ಸ್ಲೈಡ್ ಪಿನ್ನುಗಳ ಮೇಲೆ. ಅವು ಒಣಗಿದರೆ ಪ್ಯಾಡುಗಳಲ್ಲಿ ಒಂದು ಮಾತ್ರ ಸವೆಯುತ್ತದೆ, ಡಿಸ್ಕ್ ಕಾಯುತ್ತದೆ. ಹಿಂದೊಮ್ಮೆ ನಾನು ಇವಕ್ಕೆ ಬೇರಿಂಗಿನ ಹಳದಿ ಗ್ರೀಸನ್ನೇ ಧಾರಾಳವಾಗಿ ಬಳಿದಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪಿನ್ನಿನ ರಬ್ಬರ್ ಹೊದಿಕೆಗಳು (ಬೂಟುಗಳು) ಉಬ್ಬಿ ಪಿನ್ನನ್ನು ಬಿಗಿಯಾಗಿ ಅಪ್ಪಿಕೊಂಡವು, ಘಟ್ಟದ ಇಳಿಜಾರಿನಲ್ಲಿ ಕಾರು ಎಡಕ್ಕೆಳೆಯಿತು. ಬ್ರೇಕಿನ ರಬ್ಬರು ಹೆಚ್ಚಾಗಿ ಇಪಿಡಿಎಂ ಎಂಬ ಜಾತಿಯದು. ಗ್ಲೈಕಾಲ್ ಆಧಾರಿತ ಡಾಟ್ 3, ಡಾಟ್ 4 ಬ್ರೇಕ್ ಆಯಿಲನ್ನು ಅದು ತಾಳಿಕೊಳ್ಳುತ್ತದೆ, ಪೆಟ್ರೋಲಿಯಂ ಎಣ್ಣೆ ತಾಗಿದರೆ ಊದಿಕೊಳ್ಳುತ್ತದೆ. ಆದ್ದರಿಂದ ಬ್ರೇಕಿಗೆಂದೇ ಮಾಡಿದ ಸಿಲಿಕಾನ್ ಅಥವಾ ಸಿಂಥೆಟಿಕ್ ಗ್ರೀಸನ್ನೇ ತರಬೇಕು. ಹಳೆಯದನ್ನು ಪೂರ್ತಿ ಒರೆಸಿ, ತೆಳುವಾಗಿ ಸವರಿ, ಪಿನ್ನನ್ನು ಕೈಯಿಂದ ಒತ್ತಿ ಬಿಟ್ಟು ನೋಡಬೇಕು. ಗ್ರೀಸ್ ಹೆಚ್ಚಾದರೆ ಒಳಗಿನ ಗಾಳಿ ಸಿಕ್ಕಿಬಿದ್ದು ಪಿನ್ ಹೊರಕ್ಕೆ ತಳ್ಳಿಕೊಂಡು ಬರುತ್ತದೆ. ಮೇಲಿನ ಪಿನ್ ಕೆಳಗಿನದಕ್ಕಿಂತ ಬೇರೆಯಾಗಿರುವುದುಂಟು, ಅದಲುಬದಲು ಮಾಡಬಾರದು. ಪಿನ್ನನ್ನು ಹಿಡಿಯುವ ಬೋಲ್ಟಿಗೆ ಮಾತ್ರ ಈ ಗ್ರೀಸ್ ತಾಗಕೂಡದು.

ಪ್ಯಾಡಿನ ಕಿವಿಗಳು ಕೂರುವ ಜಾಗಕ್ಕೂ ಇದೇ ಬಗೆಯ ತೆಳು ಲೇಪ ಸಾಕು. ಡಿಸ್ಕ್ ಕೂರುವ ಹಬ್ಬಿನ (ಚಕ್ರದ ನಡುಗುಂಬದ) ಮುಖದ ತುಕ್ಕನ್ನು ಉಜ್ಜಿ ತೆಗೆಯುವುದು ಲೇಪಕ್ಕಿಂತ ಮುಖ್ಯ. ತಾಮ್ರದ ಪುಡಿ ಬೆರೆಸಿದ ಗ್ರೀಸನ್ನು ಎಲ್ಲದಕ್ಕೂ ಬಳಸುವ ರೂಢಿಯ ಬಗ್ಗೆ ನನಗೆ ತಕರಾರಿದೆ. ಮೈಲುತುತ್ತೂ ಸುಣ್ಣವೂ ಬೆರೆಸಿದ ಬೋರ್ಡೋ ದ್ರಾವಣದಲ್ಲಿ ಸುಣ್ಣ ಸಾಲದಿದ್ದರೆ ಅದ್ದಿದ ಕತ್ತಿಯ ಮೇಲೆ ತಾಮ್ರ ಕೂರುವುದನ್ನು ಅಡಿಕೆ ಕೃಷಿಕರು ನೋಡಿಯೇ ಇರುತ್ತಾರೆ. ನೀರಿನ ನಡುವೆ ತಾಮ್ರವೂ ಇನ್ನೊಂದು ಲೋಹವೂ ಸುಮ್ಮನೆ ಕೂಡಿ ಬಾಳುವುದಿಲ್ಲ. ಉಪ್ಪಿನ ತೇವದಲ್ಲಿ ತಾಮ್ರದ ಜೊತೆಗಿರುವ ಅಲ್ಯುಮಿನಿಯಂ ಸವೆಯುತ್ತದೆ, ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ ಸೆನ್ಸರಿನ ಬಳಿ ಲೋಹದ ಪುಡಿಯೂ ಬೇಡ.

ಬ್ರೇಕ್ ಆಯಿಲಿನೊಳಗಿನ ಗಾಳಿಯನ್ನು ಹೊರಬಿಡುವ ಬ್ಲೀಡರ್ ಸ್ಕ್ರೂ ಸೋರದಂತೆ ತಡೆಯುವುದು ಅದರ ಚೂಪಾದ ತುದಿ, ಥ್ರೆಡ್ ಅಲ್ಲ. ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಇದಕ್ಕೆ ಸುತ್ತಬಾರದು, ರಬ್ಬರ್ ಟೊಪ್ಪಿ ಕಳೆದಿದ್ದರೆ ಹೊಸದು ಹಾಕಬೇಕು. ಬ್ರೇಕ್ ಪೈಪನ್ನು ಕ್ಯಾಲಿಪರಿಗೆ ಜೋಡಿಸುವ, ಒಳಗೆ ತೂತಿರುವ ಬ್ಯಾಂಜೋ ಬೋಲ್ಟಿಗೆ ಅಂಟೂ ಗ್ರೀಸೂ ಬೇಡ, ಎರಡು ಬದಿಗೂ ಹೊಸ ವಾಷರ್ ಸಾಕು.

ಎಲ್ಲ ಬೋಲ್ಟುಗಳನ್ನು ಮೊದಲು ಕೈಬೆರಳಿನಿಂದ ತಿರುಗಿಸಿ ಕೂರಿಸಿ, ಅನಂತರ ನಿಮ್ಮದೇ ಮಾದರಿಯ ಕೈಪಿಡಿಯ ಅಂಕಿಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಡಿಸ್ಕಿಗೆ ಬೆರಳಿನ ಜಿಡ್ಡು ತಾಗಿದ್ದರೆ ಕ್ಲೀನರಿನಿಂದ ಒರೆಸಬೇಕು. ಚಕ್ರದ ನಟ್‌ಗಳನ್ನು ಎದುರುಬದುರಿನ ಕ್ರಮದಲ್ಲಿ ಬಿಗಿದು, ಗಾಡಿ ಅಲುಗಿಸುವ ಮೊದಲೇ ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಬೇಕು. ಲಾಕರ್ ಹಾಕಿದ್ದರೆ ಆ ದಿನ ಗಾಡಿಯನ್ನು ಅಂಗಳದಲ್ಲೇ ಬಿಟ್ಟು, ಮರುದಿನ ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ನೋಡಬೇಕು. ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್‌ಗಳನ್ನು ಮತ್ತೊಮ್ಮೆ ಅದೇ ಅಂಕಿಗೆ ಪರೀಕ್ಷಿಸಬೇಕು.